ಮೊಟ್ಟೆ ತಿನ್ನದವರ ಜೊತೆ ಇಟಲಿಯಲ್ಲಿ ಒಂದು ವಾರ

ಮೈಸೂರಿನ ಓದುಗರೊಬ್ಬರ ಪ್ರಶ್ನೆ: "ನನಗೆ 61, ನನ್ನ ಹೆಂಡತಿಗೆ 58. ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿದ್ದೇನೆ. ಮದುವೆಯಾಗಿ 35 ವರ್ಷ ಆಯ್ತು ಅಂತ ಇಟಲಿಗೆ ಒಂದು ವಾರ ಹೋಗಿಬರುವ ಆಸೆ. ಜೀವನದಲ್ಲಿ ಒಮ್ಮೆ, ಚೆನ್ನಾಗಿಯೇ ಖರ್ಚು ಮಾಡೋಣ ಅಂದುಕೊಂಡಿದ್ದೇವೆ. ಒಂದು ಟೂರ್‌ನವರು 7 ರಾತ್ರಿಗೆ ಮಿಲಾನ್, ವೆನಿಸ್, ಬೊಲೋನ್ಯಾ, ಫ್ಲಾರೆನ್ಸ್, ಪೀಸಾ, ರೋಮ್, ಎಲ್ಲ ಕಡೆ ಫೈವ್ ಸ್ಟಾರ್ ಅಂತ ಪ್ಲಾನ್ ಕೊಟ್ಟಿದ್ದಾರೆ. ಊಟಕ್ಕೆ ಬೊಲೋನ್ಯಾ ಬಿಟ್ಟರೆ ಇಲ್ಲ ಅಂತಾನೆ ನನ್ನ ಸ್ನೇಹಿತ. ನಾನು ಎಲ್ಲವನ್ನೂ ತಿನ್ನುತ್ತೇನೆ. ನನ್ನಾಕೆ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಎರಡು ವರ್ಷದ ಹಿಂದೆ ಮಂಡಿ ಆಪರೇಷನ್ ಆಗಿದೆ. ಅವಳು ವಾರವಿಡೀ ಪಿಜ್ಜಾ ತಿಂದುಕೊಂಡು ಇರಬೇಕಾ? ಎಂಟಿಆರ್ ಪ್ಯಾಕೆಟ್ ಹೊತ್ತುಕೊಂಡು ಹೋಗೋದಾದ್ರೆ ಇಟಲಿಗೆ ಯಾಕೆ ಹೋಗಬೇಕು?"

ಉತ್ತರ:

ನಿಮ್ಮ ಕೊನೆಯ ಸಾಲು ಓದಿ ನಕ್ಕೆ. ಆದರೆ ನಿಮ್ಮ ಇಡೀ ಟ್ರಿಪ್ಪಿನ ಗಂಟು ಇರುವುದೇ ಅಲ್ಲಿ. ಟೂರ್‌ನವರು ನಿಮ್ಮ ವಾರವನ್ನು ಊರುಗಳ ಹೆಸರಿನಿಂದ ಕಟ್ಟಿದ್ದಾರೆ. ನಿಮ್ಮ ಸ್ನೇಹಿತರು ಅವರ ನಾಲಿಗೆಯಿಂದ ಕಟ್ಟುತ್ತಿದ್ದಾರೆ. ನಾನು ಹದಿನೆಂಟು ವರ್ಷದಿಂದ ನಮ್ಮ ಕಡೆಯವರನ್ನು ಇಟಲಿಗೆ ಕಳಿಸುತ್ತಿದ್ದೇನೆ. ನನ್ನ ಲೆಕ್ಕ ಬೇರೆ. ಜೋಡಿಯಲ್ಲಿ ಯಾರ ತಟ್ಟೆಗೆ ಕಟ್ಟುಪಾಡು ಜಾಸ್ತಿಯೋ, ಅವರಿಗೆ ಎಲ್ಲಿ ಊಟ ಚೆನ್ನಾಗಿ ಸಿಗುತ್ತದೋ ಅಲ್ಲಿಗೆ ಹೋಗಬೇಕು. ಎಲ್ಲವನ್ನೂ ತಿನ್ನುವವರಿಗೆ ಇಟಲಿಯ ಯಾವ ಮೂಲೆಯಲ್ಲೂ ತೊಂದರೆಯಿಲ್ಲ.

ಮೊದಲು ಬೊಲೋನ್ಯಾ ವಿಷಯ. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಊರಿನ ಅಡ್ಡಹೆಸರೇ 'ದಪ್ಪ ಊರು'. ನಿಮಗೆ ಅದು ಸ್ವರ್ಗ. ಆದರೆ ಅಲ್ಲಿನ ಪಾಸ್ತಾ ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಒಂದು ತೊಟ್ಟು ನೀರಿಲ್ಲ. ತಾಲ್ಯಾತೆಲ್ಲೆ, ಲಸಾನ್ಯಾ, ತೊರ್ತೆಲ್ಲೀನಿ ಎಲ್ಲ ಆ ಹಿಟ್ಟಿನವೇ. ತೊರ್ತೆಲ್ಲೀನಿ ಒಳಗೆ ಹಂದಿ ಮಾಂಸ, ಅದು ತೇಲುವುದು ಕೋಳಿ ಸಾರಿನಲ್ಲಿ. ಕರಿದ ರೊಟ್ಟಿ ಕ್ರೆಶೆಂತೀನೆಯನ್ನು ಹಳೇ ಕ್ರಮದಲ್ಲಿ ಕರಿಯುವುದು ಹಂದಿ ಕೊಬ್ಬಿನಲ್ಲಿ. ನಿಮ್ಮ ಮನೆಯವರಿಗೆ ಅಲ್ಲಿ ಉಳಿಯುವುದು ಸಲಾಡ್ ಮತ್ತು ನಿಮ್ಮ ತಟ್ಟೆಯ ನೋಟ.

ಇದಕ್ಕೆ ಕಾರಣ ಮಣ್ಣಿನಲ್ಲೇ ಇದೆ. ಉತ್ತರದ ಪೋ ನದಿ ಬಯಲಿನಲ್ಲಿ ಬೆಳೆಯುವುದು ಮೆದು ಗೋಧಿ. ಅದರ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಬೇಯಿಸಿದರೆ ಹಿಡಿದು ನಿಲ್ಲಲು ಮೊಟ್ಟೆ ಬೇಕು. ದಕ್ಷಿಣದ ಒಣ ನೆಲದಲ್ಲಿ ಬೆಳೆಯುವುದು ಡ್ಯೂರಮ್ ಎಂಬ ಗಟ್ಟಿ ಗೋಧಿ. ಅದರ ಸಣ್ಣ ರವೆಗೆ ನೀರು ಹಾಕಿ ನಾದಿದರೆ ಸಾಕು, ತಾನೇ ಬಿಗಿಯಾಗುತ್ತದೆ. ಜೊತೆಗೆ ದಕ್ಷಿಣ ಬಡವರ ನಾಡು. ಮೊಟ್ಟೆ ಮಾರಿ ಕಾಸು ಮಾಡುವ ವಸ್ತು, ಹಿಟ್ಟಿಗೆ ಒಡೆದು ಹಾಕುವಂಥದ್ದಲ್ಲ. ಅಂಗಡಿಯಲ್ಲಿ ಸಿಗುವ ಒಣ ಪಾಸ್ತಾ ಗಟ್ಟಿ ಗೋಧಿಯದೇ ಆಗಿರಬೇಕು ಅಂತ ಇಟಲಿಯಲ್ಲಿ 1967ರಿಂದ ಕಾನೂನೇ ಇದೆ. ಹಾಗಾಗಿ ಮೆನುವಿನಲ್ಲಿ ಸ್ಪಗೆಟ್ಟಿ, ಪೆನ್ನೆ ಕಂಡರೆ ಸಾಮಾನ್ಯವಾಗಿ ಹೆದರಬೇಕಿಲ್ಲ. 'ಫ್ರೆಸ್ಕಾ', ಅಂದ್ರೆ ತಾಜಾ ಪಾಸ್ತಾ ಅಂತ ಇದ್ದರೆ ಕೇಳಲೇಬೇಕು.

ಸಸ್ಯಾಹಾರಿಗಳು ಇಟಲಿಯಲ್ಲಿ ಬರೀ ಪಿಜ್ಜಾ ತಿನ್ನಬೇಕು ಅನ್ನುವುದು ಸುಳ್ಳು. ಇಟಲಿ ಊಟದಲ್ಲಿ ಸಸ್ಯಾಹಾರ ಧಾರಾಳ ಅನ್ನುವ ಇನ್ನೊಂದು ಮಾತೂ ಅರ್ಧ ಸುಳ್ಳೇ. ಅಲ್ಲಿ 'ವೆಜಿಟರಿಯಾನೊ' ಅಂದರೆ ತಟ್ಟೆಯಲ್ಲಿ ಮಾಂಸದ ತುಂಡು ಕಾಣಬಾರದು, ಅಷ್ಟೇ. ಮೊಟ್ಟೆ ಲೆಕ್ಕಕ್ಕಿಲ್ಲ. ಒಮ್ಮೆ ನಾನೇ ಹಳ್ಳಿಯ ಹೋಟೆಲೊಂದರಲ್ಲಿ ತರಕಾರಿ ಸೂಪ್ ತರಿಸಿದೆ. ಚಮಚದಲ್ಲಿ ಗುಲಾಬಿ ಬಣ್ಣದ ಚೂರೊಂದು ಬಂತು. ಕೇಳಿದರೆ ಅಡುಗೆಯವಳು ಅಷ್ಟೇ ಪ್ರೀತಿಯಿಂದ ಹೇಳಿದಳು: ಮಾಂಸ ಇಲ್ಲ, ರುಚಿಗೆ ಸ್ವಲ್ಪ ಪಂಚೆತ್ತಾ ಅಷ್ಟೇ. ಪಂಚೆತ್ತಾ ಅಂದರೆ ಹಂದಿಯ ಹೊಟ್ಟೆಭಾಗದ ಮಾಂಸ. ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ. ನಮಗೆ ಒಗ್ಗರಣೆಗೆ ಇಂಗು ಹೇಗೋ, ಅವಳಿಗೆ ಅದು ಹಾಗೆ.

ಮೀನಿನದು ಇನ್ನೂ ಮೆಲ್ಲಗಿನ ಕಾಟ. ರೋಮ್‌ನಲ್ಲಿ ಕುಂಬಳದ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನೋಡಿದರೆ ನಮ್ಮ ಬಜ್ಜಿಯೇ. ಒಳಗೆ ಚೀಸ್ ಜೊತೆ ಉಪ್ಪು ಹಾಕಿದ ಆಂಚೋವಿ ಮೀನಿನ ಎಳೆ ಇರುತ್ತದೆ. ಪುಂತರೆಲ್ಲೆ ಅನ್ನುವ ಎಲೆ ಸಲಾಡ್‌ನಲ್ಲೂ ಅದೇ ಮೀನು ಅರೆದಿರುತ್ತಾರೆ. ಕಣ್ಣಿಗೆ ಕಾಣುವುದೇ ಇಲ್ಲ.

ಚೀಸ್ ಬಗ್ಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಹೇಳಿಬಿಡುತ್ತೇನೆ, ತೀರ್ಮಾನ ಅವರದು. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ನಿಯಮ, ಬೇರೆ ದಾರಿಯಿಲ್ಲ. ಪೆಕೊರೀನೊ ರೊಮಾನೊಗೆ ಕುರಿಮರಿಯದು. ಮಸ್ಕರ್ಪೋನೆಯನ್ನು ಹುಳಿಯಿಂದ ಒಡೆಸುತ್ತಾರೆ, ನಮ್ಮ ಪನೀರ್ ಹಾಗೆ. ಆದರೆ ಅದನ್ನು ಹಾಕುವ ತಿರಮಿಸುವಿನಲ್ಲಿ ಮೊಟ್ಟೆ ಇದೆ. ಪನ್ನಾಕೋಟಾ ಎಂಬ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ನಿಮ್ಮ ಮನೆಯವರು ಮೈಸೂರಲ್ಲಿ ಹೋಟೆಲ್ ಪಿಜ್ಜಾ ತಿನ್ನುತ್ತಾರೆ ಅಂದರೆ ಈ ಪ್ರಶ್ನೆಯನ್ನು ಈಗಾಗಲೇ ದಾಟಿದ್ದಾರೆ ಅಂತಲೇ ಅರ್ಥ. ಅದೇ ರೀತಿ, ಬೇಕರಿ ಕೇಕ್ ತಿಂತಾರಾ ಅಂತಲೂ ಒಮ್ಮೆ ಕೇಳಿ ನೋಡಿ. 'ಮೊಟ್ಟೆ ಇಲ್ಲ' ಅನ್ನುವ ನಮ್ಮವರಲ್ಲಿ ಅರ್ಧ ಜನ ತಿನ್ನುತ್ತಾರೆ. ತಿನ್ನುತ್ತಾರಾದರೆ ನಿಮ್ಮ ದಾರಿ ಅಗಲವಾಗುತ್ತದೆ, ಬೊಲೋನ್ಯಾ ಕೂಡ ಒಳಗೆ ಬರುತ್ತದೆ. ಅಲ್ಲಿ ಬೆಣ್ಣೆ ಮತ್ತು ಸೇಜ್ ಎಲೆ ಹಾಕಿದ, ಒಳಗೆ ರಿಕೊಟ್ಟಾ ಚೀಸ್ ತುಂಬಿದ ತೊರ್ತೆಲ್ಲೋನಿ ಇದೆ. 'ಲೋನಿ', 'ಲೀನಿ' ಅಲ್ಲ. ಒಂದು ಅಕ್ಷರದ ಅಂತರದಲ್ಲಿ ಹಂದಿ ಕೂತಿದೆ.

ತಿನ್ನುವುದಿಲ್ಲ ಅಂದರೆ ನನ್ನ ಉತ್ತರ ಪೂಲಿಯಾ.

ಭೂಪಟದಲ್ಲಿ ಇಟಲಿ ಬೂಟಿನ ಹಿಮ್ಮಡಿ ಇದೆಯಲ್ಲ, ಅದೇ. ನಮ್ಮ ಕಡೆಯ ಟೂರ್‌ಗಳು ಆ ಕಡೆ ಹೋಗುವುದು ಅಪರೂಪ. ಆದರೆ ಮೊಟ್ಟೆಯಿಲ್ಲದ ಊಟಕ್ಕೆ ಇಟಲಿಯಲ್ಲಿ ಅದಕ್ಕಿಂತ ಸಲೀಸಾದ ಜಾಗ ನಾನು ಕಂಡಿಲ್ಲ. ಬಾರಿ ಊರಿನ ಹಳೇ ಕೋಟೆಯ ಪಕ್ಕ ಆರ್ಕೊ ಬಾಸ್ಸೊ ಅಂತ ಒಂದು ಓಣಿ. ಹೆಂಗಸರು ಮನೆ ಬಾಗಿಲಲ್ಲಿ ಮೇಜು ಹಾಕಿಕೊಂಡು ಪಾಸ್ತಾ ಮಾಡುತ್ತಾರೆ. ರವೆ ಹಿಟ್ಟನ್ನು ಬೆರಳು ಗಾತ್ರದ ಹಾವಿನಂತೆ ಹೊಸೆದು, ಉಗುರಿನಷ್ಟು ತುಂಡು ಕತ್ತರಿಸುತ್ತಾರೆ. ಮೊಂಡು ಚಾಕುವಿನ ಅಲಗನ್ನು ಅದರ ಮೇಲೆ ಒತ್ತಿ ಎಳೆದರೆ ತುಂಡು ಸುರುಳಿಯಾಗುತ್ತದೆ. ತಕ್ಷಣ ಹೆಬ್ಬೆರಳಿನ ತುದಿಗೆ ಸಿಕ್ಕಿಸಿ ಒಳಹೊರಗು ಮಾಡುತ್ತಾರೆ. ಒಂದು ಪುಟ್ಟ ಕಿವಿ ತಯಾರು. ಹೆಸರೂ ಅದೇ, ಒರೆಕ್ಯೆಟ್ಟೆ. ಜಾಲರಿ ಹಾಕಿದ ಮಣೆಗಳ ಮೇಲೆ ಒಣಗಲು ಹರಡಿರುತ್ತಾರೆ. ನಿಮ್ಮ ಮನೆಯವರಿಗೆ ಅಜ್ಜಿಮನೆಯ ಶ್ಯಾವಿಗೆ ದಿನ ನೆನಪಾದರೆ ಆಶ್ಚರ್ಯವಿಲ್ಲ. ಕೊಳ್ಳುವಾಗ ಮಾತ್ರ ಕಣ್ಣೆದುರು ಹೊಸೆಯುತ್ತಿರುವವರ ಹತ್ತಿರವೇ ತಗೊಳ್ಳಿ. ಪ್ಯಾಕೆಟ್ ಜೋಡಿಸಿಟ್ಟು ಕೂತವರದ್ದೆಲ್ಲ ಕೈಯಲ್ಲಿ ಮಾಡಿದ್ದು ಅಂತ ನಂಬಬೇಡಿ.

ಇದನ್ನು ಚೀಮೆ ದಿ ರಾಪಾ ಎಂಬ ಕಹಿ ಸೊಪ್ಪಿನ ಜೊತೆ ಬೇಯಿಸುತ್ತಾರೆ. ಇಲ್ಲೂ ಎಣ್ಣೆಯಲ್ಲಿ ಆಂಚೋವಿ ಕರಗಿಸುವ ಪದ್ಧತಿ ಇದೆ. 'ಸೆನ್ಸಾ ಅಚ್ಚೂಗೆ' ಅಂದರೆ ಹಾಕುವುದಿಲ್ಲ. ನನಗೆ ಅದಕ್ಕಿಂತ ಇಷ್ಟ ಫಾವೆ ಎ ಚಿಕೋರಿಯಾ. ಫಾವಾ ಕಾಳಿನ ಒಣ ಬೇಳೆಯನ್ನು ಮುದ್ದೆಯಾಗುವವರೆಗೆ ಬೇಯಿಸಿ, ಪಕ್ಕದಲ್ಲಿ ಬೆಂದ ಕಹಿ ಸೊಪ್ಪು, ಮೇಲೆ ಹಸಿ ಆಲಿವ್ ಎಣ್ಣೆ. ಆ ಸೊಪ್ಪು ಯಾವುದು ಗೊತ್ತಾ? ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿ ಗಿಡದ್ದೇ ಎಲೆ. ನಾವು ಬೇರು ಹುರಿದು ಕುಡಿಯುತ್ತೇವೆ, ಅವರು ಎಲೆ ಬೇಯಿಸಿ ಉಣ್ಣುತ್ತಾರೆ. ಲೆಚ್ಚೆ ಊರಿನ ಕಡೆಯ ಚೀಚೆರಿ ಎ ತ್ರೀಯಾ ಅಂದರೆ ಕಡಲೆಕಾಳಿನ ಜೊತೆ ಪಾಸ್ತಾ. ಅದರಲ್ಲಿ ಸ್ವಲ್ಪ ಪಾಸ್ತಾವನ್ನು ಕರಿದು ಗರಿಗರಿಯಾಗಿ ಮೇಲೆ ಹಾಕುತ್ತಾರೆ. ಟೊಮೆಟೊ, ಆಲಿವ್ ಒತ್ತಿ ಸುಟ್ಟ ದಪ್ಪ ರೊಟ್ಟಿ, ಬಾರಿ ಫೊಕಾಚ್ಚಾ ಇದೆ. ತರಾಲ್ಲಿ ಅಂತೂ ಕೋಡುಬಳೆಯ ದೊಡ್ಡಪ್ಪನ ಮಗ. ಅದರ ಹಿಟ್ಟಿಗೆ ಸ್ವಲ್ಪ ಬಿಳಿ ವೈನ್ ಹಾಕುತ್ತಾರೆ, ಬೇಡ ಅನ್ನುವವರು ಗಮನಿಸಿ.

ಹಾಗಾಗಿ ನಿಮ್ಮ ವಾರವನ್ನು ನಾನು ಎರಡೇ ಜಾಗದಲ್ಲಿ ಕಟ್ಟುತ್ತೇನೆ. ರೋಮ್‌ನಲ್ಲಿ ಮೂರು ರಾತ್ರಿ, ಪೂಲಿಯಾದಲ್ಲಿ ನಾಲ್ಕು. ಆರು ಊರಿನ ಪ್ಲಾನ್‌ನಲ್ಲಿ ನೀವು ಐದು ಸಲ ಪೆಟ್ಟಿಗೆ ಕಟ್ಟಿ ಬಿಚ್ಚಬೇಕು. ಪ್ರತಿ ಸಲವೂ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ಅಲ್ಲಿಗೆ ಏಳರಲ್ಲಿ ಎರಡೂವರೆ ದಿನ ಬಸ್ಸು, ಸ್ಟೇಷನ್, ಚೆಕ್-ಇನ್ ಕೌಂಟರ್‌ಗೆ. ಹೋಟೆಲ್ ಫೈವ್ ಸ್ಟಾರ್ ಇದ್ದರೇನು, ರಾತ್ರಿ ಒಂಬತ್ತಕ್ಕೆ ಹೋಗಿ ಬೆಳಗ್ಗೆ ಏಳಕ್ಕೆ ಬಿಡುವ ರೂಮಿನಲ್ಲಿ ನೀವು ನೋಡುವುದು ದಿಂಬು ಮಾತ್ರ. ಇಂಥದೇ ಟೂರ್ ಮುಗಿಸಿ ಬಂದವರೊಬ್ಬರನ್ನು ವೆನಿಸ್ ಹೇಗಿತ್ತು ಅಂತ ಕೇಳಿದೆ. "ಬಸ್ ಪಾರ್ಕಿಂಗ್ ತುಂಬಾ ದೂರ" ಅಂದರು.

ರೋಮ್‌ನಲ್ಲಿ ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಗ್ಗೆ. ಬೊರ್ಗೇಸೆ ಗ್ಯಾಲರಿಗೆ ಮುಂಗಡ ಬುಕಿಂಗ್ ಬೇಕೇ ಬೇಕು. ಎರಡು ಗಂಟೆಯ ಸ್ಲಾಟ್, ಜನ ಮಿತವಾಗಿ ಬಿಡುತ್ತಾರೆ. ಬರ್ನಿನಿ ಕೆತ್ತಿದ ಅಪೊಲೊ ಮತ್ತು ಡಾಫ್ನೆ ಮೂರ್ತಿಯಲ್ಲಿ ಮರವಾಗುತ್ತಿರುವ ಹುಡುಗಿಯ ಬೆರಳುಗಳು ಎಲೆಯಾಗುವ ಕಡೆ ಅಮೃತಶಿಲೆ ಎಷ್ಟು ತೆಳ್ಳಗಿದೆ ಅಂತ ಸುತ್ತು ಹಾಕಿ ನೋಡಿ. ಬೇಲೂರು ನೋಡಿದ ಕಣ್ಣಿಗೆ ಅದು ಬೇಗ ಅರ್ಥವಾಗುತ್ತದೆ. ರೋಮನ್ನರ ಹಳೇ ದೇವಾಲಯ ಪ್ಯಾಂಥಿಯಾನ್‌ಗೆ ಅರ್ಧ ಗಂಟೆ ಸಾಕು. 43 ಮೀಟರ್ ಅಗಲದ ಗುಮ್ಮಟ, ನಡುವೆ ತೆರೆದ ಕಂಡಿ, ಮಳೆ ಬಂದರೆ ಒಳಗೇ ಬೀಳುತ್ತದೆ. ವ್ಯಾಟಿಕನ್ ಮ್ಯೂಸಿಯಂ ಬಗ್ಗೆ ನನ್ನದು ಸ್ವಲ್ಪ ಕೆಟ್ಟ ಅಭಿಪ್ರಾಯ. ಚಿತ್ರಗಳು ಅದ್ಭುತ, ಆದರೆ ಜನಜಂಗುಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಡಿಗೆ. ಹೋಗಲೇಬೇಕಾದರೆ ಬೆಳಗಿನ ಮೊದಲ ಪ್ರವೇಶಕ್ಕೆ ಖಾಸಗಿ ಗೈಡ್ ಹಿಡಿಯಿರಿ. ಮಾಮೂಲಿ ಭಾನುವಾರಗಳಲ್ಲಿ ಅದು ಮುಚ್ಚಿರುತ್ತದೆ.

ರೋಮ್ ಬೀದಿಗಳಿಗೆ ಹಾಸಿರುವುದು ಕಪ್ಪು ಕಲ್ಲಿನ ಸಣ್ಣ ಚೌಕ ತುಂಡುಗಳು. ಫೋಟೋಗೆ ಚೆಂದ, ಮಂಡಿಗೆ ಶತ್ರು. ಶೂಗಳ ಅಟ್ಟೆ ದಪ್ಪ ಇರಲಿ. ಹೋಟೆಲ್‌ಗೆ ಎರಡು ಸ್ಟಾರ್ ಕಮ್ಮಿಯಾದರೂ ಪರವಾಗಿಲ್ಲ, ಪ್ಯಾಂಥಿಯಾನ್‌ನಿಂದ ಹತ್ತು ನಿಮಿಷದ ನಡಿಗೆಯಲ್ಲಿರಲಿ. ಮಧ್ಯಾಹ್ನ ಬಂದು ಮಲಗಿ ಎದ್ದು ಹೋಗಬಹುದು. ಬುಕ್ ಮಾಡುವ ಮೊದಲು ಮೂರು ಮಾತು ಬರೆದು ಕೇಳಿ: ಲಿಫ್ಟ್ ರೂಮಿನ ಮಹಡಿವರೆಗೂ ಬರುತ್ತದಾ, ಲಿಫ್ಟ್‌ಗೆ ಮೊದಲೇ ಮೆಟ್ಟಿಲು ಇದೆಯಾ, ಸ್ನಾನಕ್ಕೆ ಟಬ್ ಹತ್ತಬೇಕಾ ಅಥವಾ ನೆಲಮಟ್ಟದ ಶವರ್ ಇದೆಯಾ. ಹಳೇ ಅರಮನೆಗಳನ್ನು ಹೋಟೆಲ್ ಮಾಡಿದಾಗ ಈ ಮೂರರಲ್ಲಿ ಒಂದಾದರೂ ಕೈಕೊಡುತ್ತದೆ.

ಊಟಕ್ಕೆ ಇಲ್ಲಿ ಹಳೇ ಯಹೂದಿ ಕೇರಿಗೆ ಹೋಗಿ. ಇಡೀ ಆರ್ಟಿಚೋಕ್ ಮೊಗ್ಗನ್ನು ಎಣ್ಣೆಯಲ್ಲಿ ಎರಡು ಸಲ ಕರಿಯುತ್ತಾರೆ. ಹೊರ ಎಸಳು ಹಪ್ಪಳದ ಹಾಗೆ, ನಡುವೆ ಆಲೂಗಡ್ಡೆಯಷ್ಟು ಮೆತ್ತಗೆ. ಅದರ ನಿಜವಾದ ಕಾಲ ಫೆಬ್ರವರಿಯಿಂದ ಏಪ್ರಿಲ್. ಚೀಸ್ ಇಲ್ಲದ ಪಿಜ್ಜಾ ಬೇಕಾದರೆ ಮರಿನಾರಾ ಕೇಳಿ, ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ. ನೀವು ಮೊಟ್ಟೆ, ಹಂದಿ ಮಾಂಸದ ಪಾಸ್ತಾ ಕಾರ್ಬೊನಾರಾ ತಿನ್ನಿ. ಕ್ರೀಮ್ ಹಾಕಿದ್ದು ಕಂಡರೆ ಎದ್ದು ಬನ್ನಿ.

ನಾಲ್ಕನೇ ದಿನ ಬೆಳಗ್ಗೆ ರೋಮ್‌ನಿಂದ ಬಾರಿಗೆ ರೈಲು, ಸುಮಾರು ನಾಲ್ಕು ಗಂಟೆ. ವಿಮಾನದಲ್ಲಿ ಒಂದೇ ಗಂಟೆ, ಆದರೆ ಏರ್‌ಪೋರ್ಟ್ ಅಲೆದಾಟ ಸೇರಿಸಿದರೆ ಉಳಿಯುವುದು ಅಷ್ಟಕ್ಕಷ್ಟೇ. ಬಾರಿಯಲ್ಲಿ ಒರೆಕ್ಯೆಟ್ಟೆ ಓಣಿ ನೋಡಿ, ಅಲ್ಲಿಂದ ಒಸ್ತೂನಿ, ಫಸಾನೊ ಊರುಗಳ ನಡುವಿನ ಯಾವುದಾದರೂ ಮಸ್ಸೆರಿಯಾಗೆ. ಮಸ್ಸೆರಿಯಾ ಅಂದರೆ ಹಿಂದಿನ ಕಾಲದ ಕೋಟೆಯಂಥ ತೋಟದ ಮನೆ. ದಪ್ಪ ಗೋಡೆ, ಸುಣ್ಣದ ಬಿಳುಪು, ಸುತ್ತ ಶತಮಾನ ದಾಟಿದ ಆಲಿವ್ ಮರಗಳು. ಈಗ ಹಲವು ಐಷಾರಾಮಿ ಹೋಟೆಲ್ ಆಗಿವೆ. ಹಣ ಸುರಿಯುವ ಜಾಗ ಇದೇ. ಬಹಳಷ್ಟು ನೆಲಮಹಡಿಯ ರೂಮುಗಳು, ಮಂಡಿಗೆ ಹಾಯ್. ತೋಟದ್ದೇ ತರಕಾರಿ. ಅಡುಗೆಮನೆಗೆ ಮೊದಲೇ ಬರೆದು ತಿಳಿಸಿದರೆ ನಿಮ್ಮ ಮನೆಯವರಿಗಾಗಿಯೇ ಅಡುಗೆ ಮಾಡುತ್ತಾರೆ. ಬರೆಯುವಾಗ 'ವೆಜಿಟೇರಿಯನ್' ಅಂತ ಸುಮ್ನೆ ಬಿಡಬೇಡಿ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಹಂದಿ ಕೊಬ್ಬು ಬೇಡ ಅಂತ ಒಂದೊಂದಾಗಿ ಬರೆಯಿರಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ದಂಪತಿಗೆ ಚೆಂದದ ಮಸ್ಸೆರಿಯಾ ಬುಕ್ ಮಾಡಿದೆ, ಕಾರು ಬೇಡ ಅಂದೆ. ಹತ್ತಿರದ ಹಳ್ಳಿ ಎಂಟು ಕಿಲೋಮೀಟರ್. ಕೈ ಎತ್ತಿದರೆ ನಿಲ್ಲುವ ಟ್ಯಾಕ್ಸಿ ಇಲ್ಲ, ಬಸ್ಸು ಇಲ್ಲ. ಎರಡು ದಿನ ಅವರು ಈಜುಕೊಳ ನೋಡುತ್ತಾ ಕೂತರು. ಆಮೇಲೆ ಫೋನ್‌ನಲ್ಲಿ ನನಗೆ ಸಿಕ್ಕ ಮಂಗಳಾರತಿ ಈಗಲೂ ನೆನಪಿದೆ. ಹಾಗಾಗಿ ದಿನದ ಲೆಕ್ಕದಲ್ಲಿ ಡ್ರೈವರ್ ಸಮೇತ ಕಾರು ಗೊತ್ತು ಮಾಡಿಕೊಳ್ಳಿ. ನೀವೇ ಓಡಿಸಬಹುದು, ಅದಕ್ಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಆದರೆ ಹಳೇ ಊರುಗಳ ಒಳಗೆ ಹೊರಗಿನ ವಾಹನಕ್ಕೆ ನಿರ್ಬಂಧದ ವಲಯ ಇರುತ್ತದೆ. ಕ್ಯಾಮೆರಾ ಫೋಟೋ ತೆಗೆಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮೈಸೂರಿಗೆ ಬರುತ್ತದೆ.

ಒಂದು ದಿನ ಮಸ್ಸೆರಿಯಾದಲ್ಲೇ ಇರಿ, ಸಂಜೆ ಒಸ್ತೂನಿಯ ಬಿಳಿ ಗುಡ್ಡ ನೋಡಿ. ಒಂದು ದಿನ ಮತೇರಾ. ಬಂಡೆ ಕೊರೆದು ಮಾಡಿದ ಮನೆಗಳ ಊರು. 1950ರ ದಶಕದಲ್ಲಿ ಸರ್ಕಾರ ಅಲ್ಲಿನ ಬಡವರನ್ನೆಲ್ಲ ಹೊಸ ಬಡಾವಣೆಗಳಿಗೆ ಸಾಗಿಸಿತು. 1993ರಲ್ಲಿ ಅದೇ ಗುಹೆಗಳು ಯುನೆಸ್ಕೊ ಪಟ್ಟಿ ಸೇರಿದವು. ಈಗ ಗುಹೆಯಲ್ಲೇ ದುಬಾರಿ ಹೋಟೆಲ್‌ಗಳಿವೆ. ಅಲ್ಲಿ ತಂಗಬೇಡಿ, ಕೆಳಗೆಲ್ಲ ಮೆಟ್ಟಿಲೇ ಮೆಟ್ಟಿಲು. ಮೇಲಿನ ಬೀದಿಯಿಂದ, ಕಣಿವೆಯ ಆಚೆ ದಂಡೆಯಿಂದ ನೋಡಿದರೂ ಊರು ಪೂರ್ತಿ ಕಾಣುತ್ತದೆ. ಉಳಿದ ದಿನಕ್ಕೆ ಲೆಚ್ಚೆ ಅಥವಾ ಅಲ್ಬೆರೊಬೆಲ್ಲೊ, ಎರಡರಲ್ಲಿ ಒಂದು. ಅಲ್ಬೆರೊಬೆಲ್ಲೊದ ಕೋನಾಕಾರದ ಕಲ್ಲು ಚಾವಣಿಗಳನ್ನು ಗಾರೆಯಿಲ್ಲದೆ ಜೋಡಿಸಿದ್ದಾರೆ. ತೆರಿಗೆ ಅಧಿಕಾರಿ ಬಂದಾಗ ಕಿತ್ತು ಹಾಕಲು ಅನುಕೂಲ ಅಂತ ಕಥೆ. ಬಸ್ಸುಗಳು ಬರುವ ಮೊದಲು, ಬೆಳಗ್ಗೆ ಎಂಟೂವರೆಗೆ ಹೋದರೆ ಚೆನ್ನ. ನನ್ನ ಓಟು ಲೆಚ್ಚೆಗೆ. ಲೆಚ್ಚೆಯ ಕಡೆ ರಸ್ತೆಯಲ್ಲಿ ಬೂದು ಬಣ್ಣದ ಸತ್ತ ಆಲಿವ್ ಮರಗಳ ಸಾಲು ಕಂಡರೆ ಗಾಬರಿಯಾಗಬೇಡಿ. 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಆ ಕಡೆಯ ಲಕ್ಷಾಂತರ ಮರಗಳನ್ನು ಒಣಗಿಸಿದೆ.

ಈ ಪ್ಲಾನ್‌ನಲ್ಲಿ ನಷ್ಟವೂ ಇದೆ. ಫ್ಲಾರೆನ್ಸ್, ವೆನಿಸ್ ತಪ್ಪುತ್ತವೆ. "ಇಟಲಿಗೆ ಹೋಗಿ ವೆನಿಸ್ ನೋಡಲಿಲ್ವಾ" ಅಂತ ನೆಂಟರು ಕೇಳಿಯೇ ಕೇಳುತ್ತಾರೆ. ನಿಮ್ಮ ಮನೆಯವರ ಮನಸ್ಸಿನಲ್ಲಿ ವೆನಿಸ್ ಇದ್ದರೆ ರೋಮ್ ಬಿಟ್ಟು ವೆನಿಸ್ ಮೂರು ರಾತ್ರಿ ಇಡಿ, ಅಲ್ಲಿಂದ ಬಾರಿಗೆ ವಿಮಾನ. ಅಲ್ಲಿ ಸೇತುವೆ ಅಂದರೆ ಮೆಟ್ಟಿಲು ಅಂತ ತಿಳಿದಿರಲಿ. ಕೇಕ್ ಪ್ರಶ್ನೆಗೆ ಉತ್ತರ 'ಹೌದು' ಬಂದರೆ ಬೊಲೋನ್ಯಾ ನಾಲ್ಕು, ರೋಮ್ ಮೂರು. ಫ್ಲಾರೆನ್ಸ್ ಅಲ್ಲಿಂದ ಫಾಸ್ಟ್ ರೈಲಿನಲ್ಲಿ ನಲವತ್ತು ನಿಮಿಷ, ಒಂದು ದಿನ ಹೋಗಿಬರಬಹುದು. ಸೋಮವಾರ ಬೇಡ, ಉಫೀತ್ಸಿ ಗ್ಯಾಲರಿ ಮುಚ್ಚಿರುತ್ತದೆ. ಅಮಾಲ್ಫಿ ಕರಾವಳಿಯನ್ನು ಯಾರಾದರೂ ತಲೆಗೆ ತುಂಬಿದರೆ ಬೇಡ ಅನ್ನಿ, ಈ ಮಂಡಿಯಲ್ಲಿ ಅಲ್ಲಿನ ಪೊಸಿತಾನೊ ಊರಿನ ಮೆಟ್ಟಿಲು ಆಗುವುದಿಲ್ಲ.

ಮಿಶಲಿನ್ ಗೈಡ್‌ನವರು ಅಡುಗೆಗೆ ಸ್ಟಾರ್ ಕೊಟ್ಟ ಊಟದ ಹೋಟೆಲ್ ಒಮ್ಮೆ ಬೇಕು ಅಂದರೆ ಮಧ್ಯಾಹ್ನಕ್ಕೆ ಬುಕ್ ಮಾಡಿ. ರಾತ್ರಿ ಎಂಟಕ್ಕೆ ಕೂತರೆ ಹತ್ತು ಹನ್ನೆರಡು ಪುಟ್ಟ ತಟ್ಟೆಗಳು ಮುಗಿಯುವಾಗ ಹನ್ನೊಂದೂವರೆ. ಮೊಟ್ಟೆ ಬೇಡ ಅನ್ನುವುದನ್ನು ಬುಕಿಂಗ್ ದಿನವೇ ಹೇಳಬೇಕು. ಹೋಗದಿದ್ದರೆ ಕಾರ್ಡ್‌ನಿಂದ ದುಡ್ಡು ಕಟ್ ಆಗುತ್ತದೆ. ಮಾಮೂಲಿ ಹೋಟೆಲ್‌ಗಳೂ ಸಾಮಾನ್ಯವಾಗಿ ರಾತ್ರಿ ಏಳು, ಏಳೂವರೆಗೆ ಮೊದಲು ಅಡುಗೆಮನೆ ತೆರೆಯುವುದಿಲ್ಲ. ಬಿಲ್‌ನಲ್ಲಿ 'ಕೊಪೆರ್ತೊ' ಅಂತ ತಲೆಗೆ ಎರಡು ಮೂರು ಯೂರೊ ಇರುತ್ತದೆ, ಅದು ಕೂತಿದ್ದಕ್ಕೆ. ಜಗಳ ಬೇಡ. ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ.

ತಿಂಗಳು ಯಾವುದು ಅಂತ ನೀವು ಬರೆದಿಲ್ಲ. ಆಗಸ್ಟ್ ಬೇಡ, ಸುಡುಬಿಸಿಲು, 15ರ ಅಲ್ಲಿನ ಹಬ್ಬದ ಆಚೀಚೆ ಒಳ್ಳೆಯ ಊಟದ ಹೋಟೆಲ್‌ಗಳೇ ಬಾಗಿಲು ಹಾಕಿರುತ್ತವೆ. ಅಕ್ಟೋಬರ್ ಮೊದಲ ಎರಡು ವಾರ ನನ್ನ ಆಯ್ಕೆ. ನವೆಂಬರ್‌ನಿಂದ ಎಷ್ಟೋ ಮಸ್ಸೆರಿಯಾಗಳು ಮುಚ್ಚುತ್ತವೆ. ಇಟಲಿಗೆ ಬೇಕಾದ ಷೆಂಗೆನ್ ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆ ಘಳಿಗೆಗೆ ಇಡಬೇಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ವಾಪಸ್ ಬರುವಾಗ ಬ್ರಿಂಡಿಸಿ ಅಥವಾ ಬಾರಿಯಿಂದ ರೋಮ್ ವಿಮಾನವನ್ನೂ ಬೆಂಗಳೂರಿನ ಟಿಕೆಟ್ ಜೊತೆ ಒಂದೇ ಬುಕಿಂಗ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಜವಾಬ್ದಾರರಲ್ಲ.

ಎಂಟಿಆರ್ ಪ್ಯಾಕೆಟ್ ಬಗ್ಗೆ: ಹೊರೆ ಬೇಡ. ಇಟಲಿಯವರ ಬೆಳಗಿನ ತಿಂಡಿ ಸಿಹಿ, ಅದೂ ಮೊಟ್ಟೆ ಬೆಣ್ಣೆಯ ಬನ್ನು. ಆ ಒಂದು ಹೊತ್ತಿಗೆ ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ. ತುಪ್ಪದ ಡಬ್ಬಿ, ಹಾಲಿನ ಪೇಡ ಮನೆಯಲ್ಲೇ ಇರಲಿ, ಹೊರದೇಶದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ. ಚಟ್ನಿಪುಡಿ ಸ್ವಲ್ಪ ಜಾಸ್ತಿಯೇ ಇರಲಿ. ಒಮ್ಮೆ ಮಸ್ಸೆರಿಯಾದ ಅಡುಗೆಯವಳಿಗೆ ಕೊಟ್ಟೆ, ಆಲಿವ್ ಎಣ್ಣೆಯಲ್ಲಿ ಕಲಸಿ ಬ್ರೆಡ್‌ಗೆ ಹಚ್ಚಿ ಪೂರ್ತಿ ಡಬ್ಬಿ ಖಾಲಿ ಮಾಡಿದಳು.